ಮಳೆ ಬಂದ ಮಾರನೇ ದಿನ ಇಂಜಿನ್ ಐಡಲ್‌ಗೆ ಇಳಿಯುತ್ತೆ, ಮೀಟರ್ ಸೊನ್ನೆ. ಕಂಟ್ರೋಲರ್ ಬದಲಾಯಿಸಲೇಬೇಕಾ?

ಅಂಕೋಲಾ ಮಾಲೀಕ — ಸೋಮವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರೋದು ಒಂದೇ ಮಷೀನು. 20 ಟನ್ನಿನ ಎಕ್ಸ್‌ಕವೇಟರ್, 6,200 ಗಂಟೆ ಓಡಿದೆ. ಊರಲ್ಲಿ ಹಿಟಾಚಿ ಅಂತಲೇ ಕರೀತಾರೆ, ಆದರೆ ಕಂಪನಿ ಬೇರೆ. ಹೆಸರು ಇಲ್ಲಿ ಬೇಡ. ಈಗ ದೇವಿಮನೆ ಘಟ್ಟದ ಬುಡದ ಹತ್ತಿರ ಒಬ್ಬರ ಜಾಗದಲ್ಲಿ ಬ್ರೇಕರ್ ಹಾಕಿ ಕಲ್ಲು ಒಡೆಯುತ್ತಿದೆ.

ತೊಂದರೆ ಹೀಗಿದೆ. ರಾತ್ರಿ ಜೋರು ಮಳೆ ಹೊಡೆದರೆ ಬೆಳಿಗ್ಗೆ ಕೆಲಸ ಶುರು ಮಾಡಿದ ಅರ್ಧ ಗಂಟೆಯೊಳಗೆ ಇಂಜಿನ್ ತಾನೇ ಐಡಲ್‌ಗೆ ಇಳಿಯುತ್ತೆ. ಆರ್‌ಪಿಎಂ, ನೀರಿನ ಬಿಸಿ, ಆಯಿಲ್ ಪ್ರೆಶರ್ ಎಲ್ಲ ಸೊನ್ನೆ. ಬೀಪ್ ಬೀಪ್ ಅಂತ ಕೂಗುತ್ತೆ. ಕೀ ಆಫ್ ಮಾಡಿ ಆನ್ ಮಾಡಿದ್ರೆ ಸರಿ. ಮತ್ತೆ ಹತ್ತು ನಿಮಿಷಕ್ಕೆ ಅದೇ ಕಥೆ. ಮಧ್ಯಾಹ್ನ ಬಿಸಿಲು ಬಿದ್ದರೆ ಸಂಜೆ ತನಕ ಏನೂ ಇಲ್ಲ.

ಸ್ಕ್ಯಾನರ್ ಹಾಕಿದವರು ನಾಲ್ಕು ಕೋಡ್ ತೋರಿಸಿದರು. ಎಲ್ಲವೂ ಕಮ್ಯುನಿಕೇಶನ್ ಕೋಡ್. ಮಷೀನ್ ಕಂಟ್ರೋಲರ್ ಹೋಗಿದೆ, ಬದಲಾಯಿಸಿ ಅಂದರು. ಲಕ್ಷದ ಮೇಲೆ ಖರ್ಚು. ಈ ತಿಂಗಳ ಕಂತು ಬಾಕಿ ಇದೆ. ಯಾರಿಗಾದರೂ ಅನುಭವ ಇದ್ದರೆ ದಯವಿಟ್ಟು ಹೇಳಿ.

ಭಟ್ಕಳ ಟಿಪ್ಪರ್ — ಸೋಮವಾರ, ರಾತ್ರಿ 9.42

ಅಣ್ಣಾ, ಅವಸರ ಮಾಡಬೇಡಿ. ನಮ್ಮ ಟಿಪ್ಪರಿಗೂ ಹೀಗೇ ಆಗಿತ್ತು. ಕಂಟ್ರೋಲರ್ ಡಬ್ಬಿ ಬದಲಾಯಿಸಿದೆವು. ಎಂಟು ದಿನ ಚೆನ್ನಾಗಿತ್ತು, ಒಂಬತ್ತನೇ ದಿನ ಮಳೆ ಬಂತು, ಮತ್ತೆ ಅದೇ ಕೋಡ್. ಕೊನೆಗೆ ಸಿಕ್ಕಿದ್ದು ಷಾಸಿ ಮೇಲೆ ಉಜ್ಜಿ ಹೋದ ಒಂದು ವೈರು. ಹೊಸ ಡಬ್ಬಿ ವಾಪಸ್ ತಗೊಳ್ಳಲಿಲ್ಲ.

ಕಾರವಾರ ವೈರಿಂಗ್ — ಸೋಮವಾರ, ರಾತ್ರಿ 10.15

ಆರ್ಡರ್ ಕೊಟ್ಟಿಲ್ಲ ಅಲ್ವಾ? ಕೊಡಬೇಡಿ. ಕೋಡ್ ಬಂತು ಅಂತ ಕಂಟ್ರೋಲರ್ ಬದಲಾಯಿಸೋದು, ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದ ಹಾಗೆ. ಕಮ್ಯುನಿಕೇಶನ್ ಕೋಡ್ ಹೇಳೋದು ಒಂದೇ ಮಾತು: ಇವನ ಮಾತು ಅವನಿಗೆ ಕೇಳಲಿಲ್ಲ. ಬಾಯಿ ಹೋಗಿದೆಯಾ, ಕಿವಿ ಹೋಗಿದೆಯಾ, ನಡುವಿನ ದಾರಿ ಕಡಿದಿದೆಯಾ ಅಂತ ಅದು ಹೇಳಲ್ಲ. ಅದನ್ನ ನಾವು ಹುಡುಕಬೇಕು.

ನಿಮ್ಮ ಆಪರೇಟರ್‌ಗೆ ಎರಡು ಪ್ರಶ್ನೆ ಕೇಳಿ. ಆರ್‌ಪಿಎಂ ಸೊನ್ನೆಗೆ ಬಿದ್ದಾಗ ಡೀಸೆಲ್ ಗೇಜ್ ಕೂಡ ಬೀಳುತ್ತಾ? ಡಿಸ್‌ಪ್ಲೇ ಪೂರ್ತಿ ಕಪ್ಪಾಗುತ್ತಾ, ಇಲ್ಲ ಬೆಳಕು ಇರುತ್ತಾ? ಕೋಡ್ ನಂಬರ್ ಬರೆದಿಟ್ಟುಕೊಂಡಿದ್ದರೆ ಅದನ್ನೂ ಹಾಕಿ.

ಅಂಕೋಲಾ ಮಾಲೀಕ — ಮಂಗಳವಾರ, ಬೆಳಿಗ್ಗೆ 7.30

ಹುಡುಗನ ಹತ್ತಿರ ಕೇಳಿದೆ. ಡಿಸ್‌ಪ್ಲೇ ಆರಲ್ಲ. ಗಡಿಯಾರ ಓಡುತ್ತೆ. ಡೀಸೆಲ್ ಗೇಜ್ ಇದ್ದಲ್ಲೇ ಇರುತ್ತೆ, ಹೈಡ್ರಾಲಿಕ್ ಆಯಿಲ್ ಬಿಸಿ ಕೂಡ ತೋರಿಸುತ್ತೆ. ಇಂಜಿನ್‌ಗೆ ಸಂಬಂಧಪಟ್ಟಿದ್ದು ಮಾತ್ರ ಸೊನ್ನೆ. ಇದನ್ನ ನಾನು ಗಮನಿಸಿಯೇ ಇರಲಿಲ್ಲ. ಕೋಡಿನಲ್ಲಿ ಎಸ್‌ಪಿಎನ್ 639, ಎಫ್‌ಎಂಐ 9 ಅಂತ ಒಂದಿದೆ. ಉಳಿದವು ಕಂಪನಿಯ ಸ್ವಂತ ನಂಬರ್.

ಕಾರವಾರ ವೈರಿಂಗ್ — ಮಂಗಳವಾರ, ಬೆಳಿಗ್ಗೆ 8.20

ನಿಮ್ಮ ಹುಡುಗನ ಕಣ್ಣು ಚುರುಕಾಗಿದೆ. ಅವನು ಹೇಳಿದ್ದರಲ್ಲೇ ಅರ್ಧ ಕೆಲಸ ಮುಗಿಯಿತು.

ಇಂಥ ಮಷೀನಿನಲ್ಲಿ ಸಾಮಾನ್ಯವಾಗಿ ಮೂರು ಮುಖ್ಯ ಡಬ್ಬಿ ಇರುತ್ತವೆ. ಇಂಜಿನ್ ಪಕ್ಕದಲ್ಲಿ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್), ಸೀಟಿನ ಹಿಂದೆ ಮಷೀನ್ ಕಂಟ್ರೋಲರ್, ಮುಂದೆ ಡಿಸ್‌ಪ್ಲೇ. ಮೂರೂ ಮಾತಾಡೋದು ಎರಡೇ ವೈರಿನ ಮೇಲೆ. ಅದೇ ಕ್ಯಾನ್. ಬಾಷ್ ಕಂಪನಿಯವರು ಇದನ್ನ 1986ರಲ್ಲಿ ಹೊರಗೆ ತಂದರು. ಲಾರಿ ಮತ್ತು ಭಾರಿ ಮಷೀನುಗಳು ಅದರ ಮೇಲೆ ಆಡುವ ಭಾಷೆಗೆ ಜೆ1939 ಅಂತ ಹೆಸರು. ವೈರು ಒಂದಕ್ಕೊಂದು ಹುರಿ ಮಾಡಿದ ಹಾಗೆ ಸುತ್ತಿರುತ್ತೆ. ಹೆಚ್ಚಾಗಿ ಹಳದಿ ಬಣ್ಣದ್ದು ಹೈ, ಹಸಿರು ಲೋ. ಕೆಲವು ಕಂಪನಿಯಲ್ಲಿ ಬಣ್ಣ ಬೇರೆ ಇರುತ್ತೆ, ಡ್ರಾಯಿಂಗ್ ನೋಡಿಯೇ ಹೇಳಬೇಕು.

ಆರ್‌ಪಿಎಂ, ನೀರಿನ ಬಿಸಿ, ಆಯಿಲ್ ಪ್ರೆಶರ್ ಎಲ್ಲ ಇಸಿಎಂನಿಂದ ಬರೋ ಸುದ್ದಿ. ಡೀಸೆಲ್ ಗೇಜ್, ಹೈಡ್ರಾಲಿಕ್ ಬಿಸಿ ಮಷೀನ್ ಕಂಟ್ರೋಲರಿಂದ ಬರೋದು. ಎರಡನೆಯದು ನಿಂತಿಲ್ಲ. ಅಂದರೆ ಕಂಟ್ರೋಲರ್ ಜೀವಂತ ಇದೆ, ಡಿಸ್‌ಪ್ಲೇ ಜೊತೆ ಮಾತಾಡ್ತಾ ಇದೆ. ಅವರು ಬದಲಾಯಿಸಿ ಅಂದ ಡಬ್ಬಿಯೇ ಕೆಲಸ ಮಾಡ್ತಾ ಇದೆ, ನೋಡಿ. ಇಂಜಿನ್ ಕಡೆಯ ಸುದ್ದಿ ಮಾತ್ರ ಕ್ಯಾಬಿನ್‌ಗೆ ತಲುಪುತ್ತಿಲ್ಲ. ಕ್ಯಾಬಿನ್‌ನಿಂದ ಆಚೆಗೂ ಅಷ್ಟೆ. ಆಕ್ಸಿಲರೇಟರ್ ಡಯಲ್ ಎಷ್ಟಿದೆ ಅನ್ನೋ ಮಾತು ಇಸಿಎಂಗೆ ಸಿಗದಿದ್ದಾಗ ಅದು ಇಂಜಿನ್ನನ್ನ ತಾನೇ ಐಡಲ್‌ಗೆ ಇಳಿಸುತ್ತೆ.

ನಿಮ್ಮ ಕೋಡಿನಲ್ಲಿ ಎಸ್‌ಪಿಎನ್ 639 ಅಂದರೆ ಈ ಜೆ1939 ಲೈನು, ಎಫ್‌ಎಂಐ 9 ಅಂದರೆ ಬರಬೇಕಾದ ಸಂದೇಶ ಬರಬೇಕಾದ ವೇಗದಲ್ಲಿ ಬರಲಿಲ್ಲ ಅಂತ. 3 ಅಥವಾ 4 ಇದ್ದಿದ್ದರೆ ವೋಲ್ಟೇಜ್ ಜಾಸ್ತಿ, ಕಡಿಮೆ ಅಂತ ಒಂದು ಸೆನ್ಸರ್ ಹಿಂದೆ ಹೋಗಬಹುದಿತ್ತು. 9ಕ್ಕೆ ಸೆನ್ಸರ್ ಹುಡುಕಿದರೆ ದಿನ ಹಾಳು.

ಈಗ ನೀವು ಮಾಡಬೇಕಾದ್ದು. ಮೊದಲು ಇಸಿಎಂನ ಪವರ್, ಅರ್ತ್ ನೋಡಿ. ಕರೆಂಟು ಸಿಗದ ಡಬ್ಬಿ ಮಾತಾಡಲ್ಲ, ಅದಕ್ಕೂ ಇದೇ ಕೋಡ್ ಬರುತ್ತೆ. ಇಂಜಿನ್ ಓಡುವಾಗ ಬ್ಯಾಟರಿ ಮೈನಸ್ಸಿಗೂ ಇಸಿಎಂ ಅರ್ತ್ ಪಿನ್ನಿಗೂ ನಡುವೆ ಮೀಟರ್ ಇಡಿ. ಅರ್ಧ ವೋಲ್ಟ್ ತೋರಿಸಿದರೆ ಅರ್ತ್ ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು ಬಿಗಿ ಮಾಡಿ. ನಮ್ಮ ಕರಾವಳಿಯಲ್ಲಿ ಗಾಳಿಯಲ್ಲೇ ಉಪ್ಪು. ಬಣ್ಣದ ಕೆಳಗೆ ತುಕ್ಕು ಹರಡಿರುತ್ತೆ, ಮೇಲಿಂದ ನೋಡಿದ್ರೆ ಗೊತ್ತಾಗಲ್ಲ.

ಅದು ಸರಿ ಇದ್ದರೆ ಕೀ ಆಫ್ ಮಾಡಿ. ಐದು ನಿಮಿಷ ಕಾದು ಬ್ಯಾಟರಿಯ ಮೇನ್ ಸ್ವಿಚ್ ತೆಗೆಯಿರಿ. (ಹೊಗೆ ಶುದ್ಧ ಮಾಡಲು ಡಿಇಎಫ್ ಅನ್ನೋ ದ್ರವ ಹಾಕುವ ಮಷೀನಾದರೆ ಕೀ ಆಫ್ ಆದ ಮೇಲೂ ಪಂಪು ಪೈಪಿನ ದ್ರವವನ್ನ ವಾಪಸ್ ಎಳೀತಾ ಇರುತ್ತೆ. ಅದು ಮುಗಿಯೋ ತನಕ ಮೇನ್ ಸ್ವಿಚ್ ಮುಟ್ಟಬೇಡಿ.) ಆಮೇಲೆ ಕ್ಯಾಬಿನ್ನಿನ ಒಂಬತ್ತು ಪಿನ್ನಿನ ರೌಂಡ್ ಸಾಕೆಟ್ ಇದೆಯಲ್ಲ, ಸ್ಕ್ಯಾನರ್ ಹಾಕೋದು, ಅದರ ಸಿ ಮತ್ತು ಡಿ ಪಿನ್ ನಡುವೆ ಓಮ್ಸ್ ನೋಡಿ. ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ. 60ರ ಆಸುಪಾಸು ಬರಬೇಕು.

ಕುಮಟಾ ಡಿಪ್ಲೊಮಾ — ಮಂಗಳವಾರ, ಮಧ್ಯಾಹ್ನ 1.05

ಸರ್, ನಾನು ಡಿಪ್ಲೊಮಾ ಮೆಕ್ಯಾನಿಕಲ್ ಕೊನೇ ವರ್ಷ. 60 ಯಾಕೆ? ವೈರು ಅಂದ ಮೇಲೆ ಸೊನ್ನೆ ಬರಬೇಕಲ್ವಾ?

ಕಾರವಾರ ವೈರಿಂಗ್ — ಮಂಗಳವಾರ, ಮಧ್ಯಾಹ್ನ 2.30

ಒಳ್ಳೆ ಪ್ರಶ್ನೆ ತಮ್ಮಾ. ನಾವು ಅಳೆಯುತ್ತಿರೋದು ಒಂದೇ ವೈರಿನ ಆ ತುದಿ ಈ ತುದಿ ಅಲ್ಲ. ಎರಡು ಬೇರೆ ವೈರುಗಳ ನಡುವೆ. ಲೈನಿನ ಎರಡೂ ತುದಿಯಲ್ಲಿ ಹೈ ಮತ್ತು ಲೋ ನಡುವೆ 120 ಓಮ್ಸಿನ ಒಂದೊಂದು ರೆಸಿಸ್ಟರ್ ಕೂತಿರುತ್ತೆ. ಎರಡು 120 ಪ್ಯಾರಲಲ್ ಆದರೆ 60. ಒಂದು ಕಡೆ ಕಡಿದರೆ ಉಳಿದ ಒಂದೇ ಕಾಣುತ್ತೆ, 120. ಹೈ, ಲೋ ಎರಡೂ ಅಂಟಿಕೊಂಡಿದ್ದರೆ ಸೊನ್ನೆ ಹತ್ತಿರ.

ಆ ರೆಸಿಸ್ಟರ್ ಯಾಕೆ ಬೇಕು ಅಂದರೆ, ಬಾವಿಗೆ ಬಗ್ಗಿ ಕೂಗಿದರೆ ನಮ್ಮ ದನಿ ನಮಗೇ ವಾಪಸ್ ಬರುತ್ತಲ್ಲ, ಹಾಗೆ ವೈರಿನ ತುದಿಗೆ ಹೋದ ಸಿಗ್ನಲ್ ಮರಳಿ ಬಂದು ಹಿಂದಿನಿಂದ ಬರುವ ಮಾತಿನ ಜೊತೆ ಕಲಸಿಹೋಗುತ್ತೆ. ತುದಿಯ ರೆಸಿಸ್ಟರ್ ಆ ಮಾರ್ದನಿಯನ್ನ ನುಂಗುತ್ತೆ.

ಕೀ ಆನ್ ಇದ್ದಾಗ ಅರ್ತ್‌ನಿಂದ ನೋಡಿದರೆ ಹೈ ಮೇಲೆ ಎರಡೂವರೆ ವೋಲ್ಟಿಗಿಂತ ಚೂರು ಜಾಸ್ತಿ, ಲೋ ಮೇಲೆ ಚೂರು ಕಡಿಮೆ. ಎರಡೂ ಕೂಡಿದರೆ ಸುಮಾರು 5. ಮಾತಾಡುವ ಕ್ಷಣಕ್ಕೆ ಹೈ 3.5ಕ್ಕೆ ಏರುತ್ತೆ, ಲೋ 1.5ಕ್ಕೆ ಇಳಿಯುತ್ತೆ. ಡಬ್ಬಿಗಳು ನೋಡೋದು ಈ ಎರಡರ ವ್ಯತ್ಯಾಸವನ್ನ. ಆಲ್ಟರ್ನೇಟರ್ ಗಲಾಟೆ ಬಂದು ಬಡಿದರೂ ಸುತ್ತಿದ ಎರಡು ವೈರಿಗೂ ಒಂದೇ ಸಮ ಬಡಿಯುತ್ತೆ, ವ್ಯತ್ಯಾಸ ಹಾಗೇ ಉಳಿಯುತ್ತೆ. ವೈರು ಸುತ್ತಿರೋದು ಅದಕ್ಕೇ. ರಿಪೇರಿ ಮಾಡುವಾಗ ಒಂದೆರಡು ಇಂಚಿಗಿಂತ ಜಾಸ್ತಿ ಬಿಚ್ಚಬಾರದು.

ಅಂಕೋಲಾ ಮಾಲೀಕ — ಮಂಗಳವಾರ, ಸಂಜೆ 6.40

ಅರ್ತ್ ನೋಡಿದೆ. 0.06 ವೋಲ್ಟ್. ಸಿ-ಡಿ ನಡುವೆ 60.3 ಓಮ್ಸ್. ಎಲ್ಲ ಸರಿ ಇದ್ದ ಹಾಗಿದೆ. ಇವತ್ತು ಬಿಸಿಲಿತ್ತು, ಮಷೀನು ಒಂದು ಸಲವೂ ನಿಲ್ಲಲಿಲ್ಲ. ಹಾಗಾದರೆ ಕಂಟ್ರೋಲರೇನಾ?

ಶಿರಸಿ ಡೀಸೆಲ್ — ಮಂಗಳವಾರ, ರಾತ್ರಿ 8.00

ಇಲ್ಲ ಮಾರಾಯ್ರೆ. ಆರೋಗ್ಯ ಇದ್ದಾಗ ಜ್ವರ ನೋಡಿದರೆ ಥರ್ಮಾಮೀಟರ್ ಏನು ತೋರಿಸುತ್ತೆ? ಮಷೀನು ಕೆಡುವಾಗ ಅಳೆಯಬೇಕು, ಇಲ್ಲ ನೀವೇ ಕೆಡಿಸಬೇಕು. ಸಿ-ಡಿಗೆ ಮೀಟರ್ ಕ್ಲಿಪ್ ಹಾಕಿ ಕೂರಿ. ಇನ್ನೊಬ್ಬ ಹಾರ್ನೆಸ್ಸನ್ನ, ಅಂದರೆ ವೈರಿನ ಕಟ್ಟನ್ನ, ಗೇಣು ಗೇಣಾಗಿ ಅಲುಗಾಡಿಸ್ತಾ ಹೋಗಲಿ. ವೈರು ಜೋಡಿಸುವ ಕಪ್ಲರ್ ಸಿಕ್ಕಲ್ಲೆಲ್ಲ ಹಿಂದಿನ ವೈರು ಮೆಲ್ಲಗೆ ಎಳೆಯಲಿ. ನೀವು ನಂಬರ್ ಮೇಲಿಂದ ಕಣ್ಣು ತೆಗೀಬೇಡಿ.

ಇನ್ನೊಂದು. ಮಷೀನಿಗೆ ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದೀರಾ? ಸಾಲ ಕೊಟ್ಟವರು ಹಾಕಿಸಿರ್ತಾರೆ. ಎಷ್ಟೋ ಸಲ ಕ್ಯಾನ್ ವೈರಿನ ಸಿಪ್ಪೆ ಸುಲಿದು ಮೇಲೆ ಸುತ್ತಿ ಟೇಪ್ ಹಾಕಿ ಹೋಗಿರ್ತಾರೆ. ಅದನ್ನೂ ನೋಡಿ.

ಡಬ್ಬಿ ಬದಲಾಯಿಸಿ ಹೊಸ ತೊಂದರೆ ತಂದುಕೊಂಡಿದ್ದನ್ನೂ ನೋಡಿದ್ದೇನೆ. ಯಲ್ಲಾಪುರದ ಕಡೆ ಒಂದು ಲೋಡರ್. ಬೇರೆ ಮಷೀನಿನ ಕಂಟ್ರೋಲರ್ ತಂದು ಹಾಕಿದ್ದರು. ನಾನು ಅಳೆದಾಗ 40 ಓಮ್ಸ್. ಆ ಡಬ್ಬಿಯ ಹೊಟ್ಟೆಯೊಳಗೇ ಇನ್ನೊಂದು 120 ಇತ್ತು. ಮೂರು ಪ್ಯಾರಲಲ್ ಆದರೆ 40. ಓಡುತ್ತಿತ್ತು, ಆದರೆ ದಿನಕ್ಕೆರಡು ಸಲ ಕೈ ಕೊಡುತ್ತಿತ್ತು.

ಹೊನ್ನಾವರ ಆಪರೇಟರ್ — ಮಂಗಳವಾರ, ರಾತ್ರಿ 9.25

ಆಪರೇಟರ್ ಕಡೆಯಿಂದ ಒಂದು ಮಾತು. ಇದು ಬರೀ ಖರ್ಚಿನ ವಿಷಯ ಅಲ್ಲ. 2024ರ ಜುಲೈ 16ರಂದು ಶಿರೂರಲ್ಲಿ ಗುಡ್ಡ ಕುಸಿದ ಮೇಲೆ, ಮಳೆಯಲ್ಲಿ ಗುಡ್ಡದ ಬುಡದಲ್ಲಿ ಕೆಲಸ ಅಂದರೆ ನಮ್ಮ ಮನೆಯವರು ಫೋನ್ ಮೇಲೆ ಫೋನ್ ಮಾಡ್ತಾರೆ. ಅಂಥ ಜಾಗದಲ್ಲಿ ಇಂಜಿನ್ ಐಡಲ್‌ಗೆ ಬಿದ್ದರೆ ಹಿಂದೆ ಸರಿಯೋದೂ ನಿಧಾನ ಆಗುತ್ತೆ. ಅಣ್ಣಾ, ಸರಿ ಆಗೋ ತನಕ ಹುಡುಗನನ್ನ ಇಳಿಜಾರಿನ ಕೆಳಗೆ ನಿಲ್ಲಿಸಬೇಡಿ. ಸಮತಟ್ಟು ಜಾಗದಲ್ಲಿ ಒಡೆಸಿ.

ಮತ್ತೆ, ಬಕೆಟ್ಟಿಗೆ ವೆಲ್ಡಿಂಗ್ ಮಾಡಿಸಿದ್ದೀರಾ ಇತ್ತೀಚೆಗೆ? ಬ್ಯಾಟರಿ ಟರ್ಮಿನಲ್ ತೆಗೀದೆ ವೆಲ್ಡಿಂಗ್ ಮಾಡಿ ಇಸಿಎಂ ಸುಟ್ಟಿದ್ದನ್ನ ಕಣ್ಣಾರೆ ಕಂಡಿದ್ದೇನೆ. ಅರ್ತ್ ಕ್ಲ್ಯಾಂಪ್ ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಇರಬೇಕು, ದೂರದ ಟ್ರ್ಯಾಕ್ ಮೇಲೆ ಅಲ್ಲ.

ಅಂಕೋಲಾ ಮಾಲೀಕ — ಬುಧವಾರ, ಮಧ್ಯಾಹ್ನ 12.50

ಹೊನ್ನಾವರದ ಅಣ್ಣ ಹೇಳಿದ ಮಾತು ಮನಸ್ಸಿಗೆ ನಾಟಿತು. ಬೆಳಿಗ್ಗೆಯೇ ಮಷೀನು ಗುಡ್ಡದಿಂದ ದೂರ ತಂದು ನಿಲ್ಲಿಸಿದೆ. ವೆಲ್ಡಿಂಗ್ ಮಾಡಿಸಿಲ್ಲ.

ಟ್ರ್ಯಾಕರ್ ಇದೆ. ಸೀಟಿನ ಹಿಂದೆ ನೋಡಿದೆ, ಶಿರಸಿಯವರು ಹೇಳಿದ ಹಾಗೇ ಸುತ್ತಿ ಟೇಪ್ ಹಾಕಿದ್ದರು. ಟೇಪಿನ ಅಂಟೆಲ್ಲ ಕರಗಿತ್ತು. ಸಾಲ ಕೊಟ್ಟವರಿಗೆ ಫೋನ್ ಮಾಡಿ ಹೇಳಿ, ಕ್ಯಾನ್ ವೈರು ಬಿಡಿಸಿ ಪವರ್ ಮಾತ್ರ ಇಟ್ಟೆ. ಸುಲಿದ ಜಾಗ ಮುಚ್ಚಿದೆ. ಅಲುಗಾಡಿಸಿದರೆ ಅಲ್ಲಿ ಏನೂ ಬದಲಾಗಲಿಲ್ಲ, 60.3 ಹಾಗೇ ಇತ್ತು.

ಆದರೆ ಕ್ಯಾಬಿನ್ ಹಿಂದೆ, ಹಾರ್ನೆಸ್ ಇಂಜಿನ್ ಕಡೆ ಹೋಗುವಲ್ಲಿ ಹುಡುಗ ಕೈ ಹಾಕಿದಾಗ 60 ಇದ್ದಿದ್ದು 119.8 ಆಯ್ತು! ಕೈ ಬಿಟ್ಟ ಕೂಡಲೇ ಮತ್ತೆ 60. ಮೂರು ಸಲ ಮಾಡಿ ನೋಡಿದೆ. ಮೂರೂ ಸಲ ಹಾಗೇ. ಎದೆ ಹೊಡ್ಕೊಳ್ತಾ ಇದೆ. ಮುಂದೆ?

ಕಾರವಾರ ವೈರಿಂಗ್ — ಬುಧವಾರ, ಮಧ್ಯಾಹ್ನ 1.10

ಸಿಕ್ಕಿತು. ಕ್ಯಾಬಿನ್ ಕಡೆಯ ರೆಸಿಸ್ಟರ್ ಕಾಣ್ತಾ ಇದೆ, ಇಂಜಿನ್ ಕಡೆಯದು ಮಾಯ ಆಗ್ತಿದೆ. ಖಾತ್ರಿ ಮಾಡಿಕೊಳ್ಳಿ. ಡಿಸ್‌ಪ್ಲೇ ಹಿಂದೆ ಕ್ಯಾಬಿನ್ ರೆಸಿಸ್ಟರಿನ ಪುಟ್ಟ ಕಪ್ಲರ್ ಇದ್ದರೆ ಅದನ್ನ ಬಿಚ್ಚಿ. ಈಗ 120 ಬರಬೇಕು, ಅದು ಇಂಜಿನ್ ಕಡೆಯದು. ಹುಡುಗ ಅದೇ ಜಾಗ ಅಲುಗಾಡಿಸಿದಾಗ ಮೀಟರ್ ಓಎಲ್ (ದಾರಿಯೇ ಇಲ್ಲ ಅಂತ) ತೋರಿಸಿದರೆ ಕಡಿದಿರೋದು ಅಲ್ಲೇ, ಅನುಮಾನವೇ ಬೇಡ.

ಆಮೇಲೆ ಆ ಜಾಗದ ಕಪ್ಲರ್ ಬಿಚ್ಚಿ. ಬಿಚ್ಚುವ ಮೊದಲು ಹೊರಗೆ ಒರೆಸಿ. ಪಿನ್ನಿಗೆ ಟೆಸ್ಟ್ ಲ್ಯಾಂಪ್ ಸೂಜಿ ಚುಚ್ಚಬೇಡಿ. ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಅಂಕೋಲಾ ಮಾಲೀಕ — ಬುಧವಾರ, ಸಂಜೆ 5.20

ಓಎಲ್ ಬಂತು. ಕಪ್ಲರ್ ಬಿಚ್ಚಿದೆ. ನೋಡಿದ್ದನ್ನ ಹೇಳ್ತೀನಿ.

ಕಪ್ಲರ್‌ನಲ್ಲಿ ವೈರೇ ಇಲ್ಲದ ಒಂದು ಖಾಲಿ ತೂತು ಇದೆ. ಅದಕ್ಕೆ ಇರಬೇಕಾದ ರಬ್ಬರ್ ಬೆಣೆ ಇಲ್ಲ. ಅಲ್ಲಿಂದ ನೀರು ಒಳಗೆ ಹೋಗಿದೆ. ಕೆಳಗಿನ ಮೂಲೆಯಲ್ಲಿ ಚಿರೆಕಲ್ಲಿನ ಕೆಂಪು ಮಣ್ಣು ಕೆಸರಾಗಿ ಕೂತಿತ್ತು. ಹಳದಿ ವೈರಿನ ಪಿನ್ ಮೇಲೆ ಹಸಿರು ಕಿಲುಬು, ಹಳೇ ತಾಮ್ರದ ಹಂಡೆ ಮೇಲೆ ಬರುತ್ತಲ್ಲ ಹಾಗೆ. ಅದರ ಜೋಡಿ ಹೆಣ್ಣು ಪಿನ್ನಿನ ಬಾಯಿ ಪಕ್ಕದ ಪಿನ್ನಿಗಿಂತ ಅಗಲ ಆಗಿದೆ. ಯಾರೋ ದಪ್ಪ ಸೂಜಿ ಹಾಕಿ ಚೆಕ್ ಮಾಡಿದ್ದಾರೆ ಅನ್ಸುತ್ತೆ. ಸರ್ವಿಸ್ ಕಿಟ್ಟಿನ ಹೊಸ ಪಿನ್ ಒಂದನ್ನ ಹಾಕಿ ನೋಡಿದೆ. ಉಳಿದ ತೂತಿನಲ್ಲಿ ಅದು ಬಿಗಿಯಾಗಿ ಹಿಡಿದು ನಿಲ್ಲುತ್ತೆ. ಇದರಲ್ಲಿ ತಲೆಕೆಳಗೆ ಮಾಡಿದ ಕೂಡಲೇ ಜಾರಿ ಬಿತ್ತು.

ಶಿರಸಿ ಡೀಸೆಲ್ — ಬುಧವಾರ, ಸಂಜೆ 6.05

ಬ್ರೇಕರ್ ಕುಟ್ಟುವ ನಡುಕಕ್ಕೆ ಆ ಸಡಿಲ ಬಾಯಿ ಬಿಟ್ಟು ಬಿಟ್ಟು ಹಿಡೀತಾ ಇತ್ತು. ಒಣಗಿದ್ದಾಗ ಹೇಗೋ ತಾಗುತ್ತಿತ್ತು. ನೀರು ಕಿಲುಬು ಸೇರಿದಾಗ ಪೂರ್ತಿ ಬಿಟ್ಟಿತು. ಮಳೆಗೂ ತೊಂದರೆಗೂ ಇದ್ದ ನಂಟು ಇದೇ.

ರಿಪೇರಿ ಹೀಗೆ ಮಾಡಿ. ಗಂಡು, ಹೆಣ್ಣು ಎರಡೂ ಪಿನ್ ಹೊಸದು ಹಾಕಿ, ಹಳೇದನ್ನ ಒತ್ತಿ ಬಿಗಿ ಮಾಡಿ ಬಿಡಬೇಡಿ. ಸರಿಯಾದ ಕ್ರಿಂಪಿಂಗ್ ಪ್ಲೈಯರ್‌ನಿಂದಲೇ ಒತ್ತಿಸಿ. ಸೋಲ್ಡರ್ ಬೇಡ, ಸೋಲ್ಡರ್ ಮುಗಿಯುವ ಅಂಚಿನಲ್ಲೇ ವೈರು ಗಟ್ಟಿಯಾಗಿ ನಡುಕಕ್ಕೆ ಮುರಿಯುತ್ತೆ. ವೈರಿನ ಸಿಪ್ಪೆ ಒಂದಿಂಚು ಸುಲಿದು ನೋಡಿ. ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗೋ ತನಕ ಕತ್ತರಿಸಿ. ಖಾಲಿ ತೂತಿಗೆ ಬೆಣೆ ಹಾಕೋದು ಮರೀಬೇಡಿ. ಗ್ರೀಸು ಕಪ್ಲರ್ ತುಂಬ ತುಂಬಬೇಡಿ, ಸೀಲಿನ ಅಂಚಿಗೆ ಡೈಎಲೆಕ್ಟ್ರಿಕ್ ಗ್ರೀಸು ತೆಳ್ಳಗೆ ಸಾಕು.

ಕಂಟಿನ್ಯುಟಿ ಬೀಪ್ ಬಂತು ಅಂತ ವೈರನ್ನ ನಂಬಬೇಡಿ. ಹತ್ತೊಂಬತ್ತು ಎಳೆ ಇರುವ ವೈರಿನಲ್ಲಿ ಒಂದೇ ಎಳೆ ಉಳಿದರೂ ಬೀಪ್ ಬರುತ್ತೆ. ಎರಡೂ ತುದಿ ಡಬ್ಬಿಗಳಿಂದ ಪೂರ್ತಿ ಬಿಚ್ಚಿ, ಆ ವೈರಿನ ಮೂಲಕ 24 ವೋಲ್ಟ್, 21 ವ್ಯಾಟ್ ಬಲ್ಬ್ ಉರಿಸಿ ನೋಡಿ. ಬಲ್ಬ್ ಸುಮಾರು ಒಂದು ಆಂಪ್ ಎಳೆಯುತ್ತೆ. ಬೆಳಕು ಮಂದ ಆದರೆ ವೈರಿನೊಳಗೆ ಜೀವ ಇಲ್ಲ. ಡಬ್ಬಿ ಜೋಡಿಸಿಟ್ಟು ಮಾತ್ರ ಇದನ್ನ ಮಾಡಬಾರದು, ಡಬ್ಬಿ ಸುಟ್ಟೀತು.

ದಾಂಡೇಲಿ ಬ್ಯಾಕ್‌ಹೋ — ಬುಧವಾರ, ರಾತ್ರಿ 8.30

ಓದುತ್ತಾ ಇದ್ದೆ. ನನ್ನದು ಹಳೇ ಮಷೀನು, ಕೇಬಲ್ ಎಳೆದರೆ ಆಕ್ಸಿಲರೇಟರ್, ಇಂಥ ತಲೆನೋವೇ ಇರಲಿಲ್ಲ. ಈಗ ಹೊಸದು ನೋಡ್ತಾ ಇದ್ದೇನೆ. ಎಲ್ಲದರಲ್ಲೂ ಈ ವೈರು ಇರುತ್ತಾ?

ಕಾರವಾರ ವೈರಿಂಗ್ — ಬುಧವಾರ, ರಾತ್ರಿ 9.00

ಇರುತ್ತೆ. ಚಕ್ರದ ಮಷೀನುಗಳಿಗೆ 2021ರ ಏಪ್ರಿಲ್‌ನಿಂದ ಸಿಇವಿ 4 ಹೊಗೆ ನಿಯಮ ಬಂತು, 2025ರ ಜನವರಿಯಿಂದ ಸಿಇವಿ 5. ಹೊಗೆ ಅಷ್ಟು ಕಡಿಮೆ ಮಾಡಬೇಕಂದರೆ ಡೀಸೆಲ್ಲನ್ನ ಇಸಿಎಂ ಲೆಕ್ಕ ಹಾಕಿಯೇ ಬಿಡಬೇಕು. ಹೆದರಬೇಡಿ. ಮಷೀನು ಮನೆಗೆ ಬಂದ ವಾರದಲ್ಲೇ ಎಲ್ಲ ಸರಿ ಇರುವಾಗ ಓಮ್ಸ್, ವೋಲ್ಟ್ ಅಳೆದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಾಳೆ ಕೆಟ್ಟಾಗ ಆ ಪುಟ ಬೇಕಾಗುತ್ತೆ. ಪ್ರೆಶರ್ ವಾಷರ್ ನೀರು ನೇರ ಕಪ್ಲರ್ ಮೇಲೆ ಬಿಡಿಸಬೇಡಿ. ಇಲಿ ಕಾಟ ಇದ್ದರೆ ಮಳೆಗಾಲದಲ್ಲಿ ನಿಂತ ಮಷೀನಿನ ಸೀಟಿನ ಕೆಳಗೆ ವಾರಕ್ಕೊಮ್ಮೆ ಇಣುಕಿ.

ಅಂಕೋಲಾ ಮಾಲೀಕ — ಭಾನುವಾರ, ರಾತ್ರಿ 8.15

ಗುರುವಾರ ಪಿನ್ ಹಾಕಿಸಿದೆ. ಪಿನ್, ಸೀಲ್, ಬೆಣೆ, ಕ್ರಿಂಪಿಂಗ್ ಮಾಡಿದವರ ಕೂಲಿ ಎಲ್ಲ ಸೇರಿ ಸಾವಿರದೊಳಗೆ ಆಯ್ತು. ಬಲ್ಬ್ ಹಾಕಿ ನೋಡಿದೆವು, ಪೂರ್ತಿ ಬೆಳಕು. ಹಾರ್ನೆಸ್ಸಿನ ಕ್ಲಿಪ್ ಒಂದು ಮುರಿದಿತ್ತು, ಅದಕ್ಕೇ ಅಷ್ಟು ಅಲುಗಾಡುತ್ತಿತ್ತು. ಹೊಸ ಕ್ಲಿಪ್ ಹಾಕಿದೆ.

ಗುರುವಾರ ರಾತ್ರಿ ಬಿಡದೆ ಮಳೆ. ಶುಕ್ರವಾರ ಬೆಳಿಗ್ಗೆ ನಾನೇ ಹೋಗಿ ಕ್ಯಾಬಿನ್ ಪಕ್ಕದಲ್ಲಿ ಕೊಡೆ ಹಿಡಿದು ನಿಂತೆ. ಬ್ರೇಕರ್ ನಾಲ್ಕು ಗಂಟೆ ಕುಟ್ಟಿತು. ಮುಳ್ಳು ಕದಲಲಿಲ್ಲ. ನಿನ್ನೆ, ಇವತ್ತೂ ಹಾಗೇ. ಮೇನ್ ಸ್ವಿಚ್ ತೆಗೆದು ಅಳೆದರೆ 60.2. ಹಾರ್ನೆಸ್ ಎಳೆದರೂ 60.2. ಕೀ ಆನ್ ಮಾಡಿದರೆ ಹೈ 2.66, ಲೋ 2.35. ಇಷ್ಟನ್ನೂ ಹುಡುಗನ ಕೈಯಲ್ಲೇ ನೋಟ್‌ಬುಕ್‌ನಲ್ಲಿ ಬರೆಸಿ ಸೀಟಿನ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ.

ಕಾರವಾರದ ಅಣ್ಣ, ಶಿರಸಿಯವರೇ, ಹೊನ್ನಾವರದವರೇ, ಈ ಕಡೆ ಬಂದಾಗ ಮನೆಗೆ ಬನ್ನಿ, ಊಟ ಮಾಡಿಕೊಂಡೇ ಹೋಗಬೇಕು. ಕುಮಟಾದ ತಮ್ಮ, ಮಷೀನು ಇನ್ನೂ ಹದಿನೈದು ದಿನ ಇಲ್ಲೇ ಇರುತ್ತೆ. ಮೀಟರ್ ಹಿಡಿದು ಕಲೀಬೇಕು ಅನ್ಸಿದ್ರೆ ಕಾಲೇಜಿನ ರಜೆ ದಿನ ಬಾ.

ಕುಮಟಾ ಡಿಪ್ಲೊಮಾ — ಭಾನುವಾರ, ರಾತ್ರಿ 8.40

ಶನಿವಾರ ಬರ್ತೀನಿ ಅಣ್ಣಾ. ಜೊತೆಗೆ ಇಬ್ಬರು ಗೆಳೆಯರನ್ನೂ ಕರ್ಕೊಂಡು ಬರಬಹುದಾ?

ಅಂಕೋಲಾ ಮಾಲೀಕ — ಭಾನುವಾರ, ರಾತ್ರಿ 8.44

ಬನ್ನಿ. ಗಟ್ಟಿ ಶೂ ಹಾಕ್ಕೊಂಡು ಬನ್ನಿ, ಕೆಸರಿದೆ.